ಕ್ವಿನ್ಸ್ ಬೀದಿಯ ಕೆಂಪು ಜಗಲಿ

ಹೊಸ ಅಂಗಿಯನ್ನು ಹಳೆಯದು ಮಾಡುವುದು ನನ್ನ ಕಸುಬು. ಅಂಗಡಿಯಿಂದ ಮಡಿಕೆ ಮುರಿಯದೆ ಬಂದ ಬಟ್ಟೆಯನ್ನು ಟೀ ಕುದಿಸಿದ ನೀರಿನಲ್ಲಿ ಅದ್ದಬೇಕು, ಚೀಸ್ ತುರಿಯುವ ಮಣೆಯಿಂದ ಮೊಣಕೈ, ಕಾಲರುಗಳನ್ನು ಉಜ್ಜಬೇಕು, ಜೇಬಿಗೆ ಕಲ್ಲು ತುಂಬಿ ಮೂರು ದಿನ ನೇತುಹಾಕಬೇಕು. ಅಲ್ಲಿಗೆ ಹತ್ತು ವರ್ಷ ದುಡಿದು ಸವೆದವನ ಅಂಗಿ ತಯಾರು. ನನ್ನ ಅಮ್ಮ ಇರುವಷ್ಟು ದಿನವೂ ಇದಕ್ಕೆ ಮೂಗು ಮುರಿಯುತ್ತಿದ್ದಳು. "ಊರೋರೆಲ್ಲ ಹರಿದಿದ್ದನ್ನ ಹೊಲಿದು ಅನ್ನ ತಿಂತಾರೆ, ನೀನೊಬ್ಬಳು ಹೊಲಿದಿದ್ದನ್ನ ಹರಿದು ತಿಂತೀಯಲ್ಲೇ ಫರನಾಜ್!" ಎನ್ನುತ್ತಿದ್ದಳು.

ಕೇಪ್‌ಟೌನಿನ ಹೊರಗಿನ ಆ ಸಿನಿಮಾ ಸ್ಟುಡಿಯೋದಲ್ಲಿ ನಾನು ಬಟ್ಟೆಗೆ ಮಾಡುತ್ತಿದ್ದುದನ್ನು ಗೋಡೆಗೆ ಮಾಡುತ್ತಿದ್ದವರು ತೋಯರ್ ಸಮಾಯ್. ವಯಸ್ಸು ಐವತ್ತು, ಉದ್ದನೆಯ ಆಳು, ಸುಣ್ಣ ಸಿಮೆಂಟು ತಿಂದು ತಿಂದು ಬೆರಳ ತುದಿಗಳಲ್ಲಿ ಗೆರೆಯೇ ಉಳಿದಿರಲಿಲ್ಲ. ನನಗಿಂತ ದೊಡ್ಡವರಾದ್ದರಿಂದ ನಾನು ಅವರನ್ನು ಬೂಟಾ ಎನ್ನುತ್ತಿದ್ದೆ. ನಮ್ಮಲ್ಲಿ ಅಣ್ಣನನ್ನು ಕರೆಯುವುದೇ ಹಾಗೆ. ಲಂಡನ್ನಿನಿಂದ ಬಂದವರು ಅದೇ ಅವರ ಹೆಸರೆಂದು ತಿಳಿದು ‘ಮಿಸ್ಟರ್ ಬೂಟಾ’ ಎಂದು ಕರೆಯುತ್ತಿದ್ದರು. ಅವರೂ ತಿದ್ದಲಿಲ್ಲ. "ಅಣ್ಣ ಅನ್ನಿಸಿಕೊಳ್ಳೋಕೆ ಏನು ನಷ್ಟ, ಅಂದ್ಕೊಳ್ಳಲಿ ಬಿಡು" ಎಂದು ನಗುತ್ತಿದ್ದರು.

ಅವರ ಅಪ್ಪನೂ ಗಾರೆಯವರೇ, ಅಜ್ಜನೂ. ಹದಿನಾಲ್ಕಕ್ಕೆ ಕೈಗೆ ಕರಣೆ ಬಂತು. ಬೆಟ್ಟದ ಆಚೆ, ಸಮುದ್ರದ ಮಗ್ಗುಲಿನ ದೊಡ್ಡ ಮನೆಗಳಲ್ಲಿ ಮೂವತ್ತು ವರ್ಷ ಗೋಡೆ ಮೆತ್ತಿದರು, ತಾರಸಿಯ ಒಳಮೈಗೆ ಹೂ ಬಳ್ಳಿ ಎತ್ತಿದರು. ಆ ಮನೆಗಳಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚಲು ಗೇಟಿನ ಹೊರಗೆ ಹೋಗಬೇಕಿತ್ತು. ಅದನ್ನು ಹೇಳುವಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಮಾತ್ರ ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು, ಈಗಲೂ ಉರಿಯುತ್ತದೆ. ಸ್ಟುಡಿಯೋಗೆ ಬಂದಮೇಲೆ ಅವರ ಕೆಲಸ ತಲೆಕೆಳಗಾಯಿತು. ನಿನ್ನೆ ಕಟ್ಟಿದ ಪ್ಲೈವುಡ್ಡಿನ ಗೋಡೆ ಇನ್ನೂರು ವರ್ಷ ಮಳೆ ಗಾಳಿ ತಿಂದಂತೆ ಕಾಣಬೇಕು. ಅದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಎಷ್ಟೋ ಸಲ ನಾನೇ ಮೋಸಹೋಗಿ ಆ ಗೋಡೆಗೆ ಒರಗಲು ಹೋಗಿ ಬೈಸಿಕೊಂಡಿದ್ದೇನೆ.

ಆ ವರ್ಷ ಬಂದದ್ದು ಭಾರಿ ಪಿಕ್ಚರು. ಕಥೆ ಇಷ್ಟೇ: ಇನ್ನೂರು ವರ್ಷ ಕಳೆದ ಮೇಲೆ ಭೂಮಿಯಲ್ಲಿ ನೀರು ಬತ್ತಿದೆ. ಉಳಿದ ನೀರನ್ನೆಲ್ಲ ಎತ್ತಿಕೊಂಡು ಉಳ್ಳವರು ಬೆಟ್ಟದ ಮೇಲೆ ಗಾಜಿನ ಊರು ಕಟ್ಟಿಕೊಂಡಿದ್ದಾರೆ. ಅದು ಮೇಲೂರು. ಕೆಳಗೆ ಮರಳಿನಲ್ಲಿ ಮಿಕ್ಕವರೆಲ್ಲ ತಗಡಿನಡಿ ಬಿದ್ದುಕೊಂಡಿದ್ದಾರೆ. ಅದು ಕೆಳಗೇರಿ. ಮೇಲೂರಿಗೆ ಜಾಗ ಸಾಲದೆ ಯಂತ್ರಗಳು ಬಂದು ಕೆಳಗೇರಿಯನ್ನು ನೆಲಸಮ ಮಾಡುತ್ತವೆ. ಈ ಲೋಕವನ್ನು ಕಲ್ಪಿಸಿಕೊಳ್ಳಲು ಹ್ಯೂಗೋ ಎಂಬ ಇಂಗ್ಲಿಷ್ ಕಲಾ ನಿರ್ದೇಶಕನಿಗೆ ಒಂದೂವರೆ ವರ್ಷ ಹಿಡಿಯಿತಂತೆ. ಸ್ಟುಡಿಯೋ ಗೇಟಿನಲ್ಲಿ ನಿಂತು ಒಮ್ಮೆ ಬೆಟ್ಟದ ಕಡೆ, ಒಮ್ಮೆ ನಾವಿರುವ ಮರಳು ಬಯಲಿನ ಕಡೆ ಕತ್ತು ತಿರುಗಿಸಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು ಎಂದು ನಾನು ಅಂದೆ. ಬಣ್ಣದ ಶೆಡ್ಡಿನವರೆಲ್ಲ ನಕ್ಕರು. ಬೂಟಾ ನಗಲಿಲ್ಲ, ಹ್ಯೂಗೋ ಗೋಡೆಗಂಟಿಸಿದ್ದ ಚಿತ್ರಗಳನ್ನೇ ನೋಡುತ್ತ ನಿಂತಿದ್ದರು.

"ಯಾವ ಕಿಟಕಿಗೂ ಪರದೆ ಇಲ್ವಲ್ಲ ಫರನಾಜ್" ಎಂದರು.

"ಇನ್ನೂರು ವರ್ಷ ಆದ್ಮೇಲೆ ಬಡವ್ರಿಗೆ ಪರದೆ ಸಿಗಲ್ವೇನೋ."

"ಸಿಗದೇ ಇದ್ರೆ ಹಳೇ ಲಂಗನಾದ್ರೂ ಕಟ್ತಾರೆ. ಪರದೆ ಇಲ್ದೆ ಯಾರಾದ್ರೂ ಇರ್ತಾರಾ?"

ತೋಯರ್ ಹುಟ್ಟಿದ್ದು ಪೇಟೆಗೆ ಅಂಟಿಕೊಂಡಿದ್ದ ಹಳೆಯ ಬಡಾವಣೆ ಡಿಸ್ಟ್ರಿಕ್ಟ್ ಸಿಕ್ಸ್‌ನ ಕ್ವಿನ್ಸ್ ಬೀದಿಯಲ್ಲಿ. ಮೇಲೆ ಬೆಟ್ಟ, ಕೆಳಗೆ ಬಂದರು, ನಡುವೆ ಇಳಿಜಾರಿನ ಒಂದು ಪುಟ್ಟ ಬೀದಿ, ಎರಡೂ ಕಡೆ ಏಳೇಳು ಮನೆ. ಭಾನುವಾರ ಬೆಳಿಗ್ಗೆ ಅವರ ತಾಯಿ, ಮಾ ಗಲೀಮಾ, ಏಲಕ್ಕಿ ಹಾಕಿದ ಕೂಸಿಸ್ಟರ್ ಎಂಬ ಸಿಹಿ ಕಡುಬು ಕರಿದು, ಪಾಕದಲ್ಲಿ ಅದ್ದಿ, ಮೇಲೆ ಕೊಬ್ಬರಿ ಉದುರಿಸುತ್ತಿದ್ದರು. ಬಟ್ಟೆ ಮುಚ್ಚಿದ ತಟ್ಟೆಗಳನ್ನು ಮನೆ ಮನೆಗೆ ಮುಟ್ಟಿಸುವುದು ತೋಯರನ ಪಾಳಿ. ಮುಸಲ್ಮಾನರ ಮನೆ, ಕ್ರೈಸ್ತರ ಮನೆ, ಮೂಲೆಯ ಯಹೂದಿ ದರ್ಜಿಯ ಮನೆ, ಯಾವುದನ್ನೂ ಬಿಡುವಂತಿಲ್ಲ. ಯಾವ ಮನೆಗೆ ಎಷ್ಟು ಮೆಟ್ಟಿಲು, ಯಾವ ಮೆಟ್ಟಿಲು ಒಡೆದಿದೆ, ಯಾವ ಬಾಗಿಲ ಚಿಲಕ ಎಡಕ್ಕಿದೆ ಎಂಬುದೆಲ್ಲ ಅವರ ಕಾಲಿಗೂ ಕೈಗೂ ಹತ್ತಿದ್ದು ಹೀಗೆ.

ಗುರುವಾರ ಮಧ್ಯಾಹ್ನ ಜಗಲಿಗಳ ದಿನ. ಮರುದಿನ ಶುಕ್ರವಾರದ ನಮಾಜು, ಬರುವವರು ಹೋಗುವವರು ಇರುತ್ತಾರೆ. ಬೀದಿಯ ಹೆಂಗಸರೆಲ್ಲ ಮಂಡಿಯೂರಿ ಮುಂಬಾಗಿಲ ಮೆಟ್ಟಿಲು, ಜಗಲಿಗೆ ಕೆಂಪು ಪಾಲಿಶ್ ಬಳಿದು ಮುಖ ಕಾಣುವವರೆಗೆ ಉಜ್ಜುತ್ತಿದ್ದರು. ನನ್ನ ಅಮ್ಮನೂ ಅಲ್ಲಿಯವಳೇ, ಎರಡು ಬೀದಿ ಆಚೆಯವಳು. ಯಾರದಾದರೂ ಹೆಸರು ಕೆಡಿಸಬೇಕಾದರೆ ಅವಳು ಬೇರೇನೂ ಹೇಳುತ್ತಿರಲಿಲ್ಲ, "ಅವಳ ಜಗಲಿ ನೋಡಿದೀಯಾ?" ಎಂದರೆ ಮುಗಿಯಿತು.

ಆಗಿನ ಬಿಳಿಯರ ಸರ್ಕಾರದ ಕಾಗದದಲ್ಲಿ ಮಾತ್ರ ಆ ಜಾಗ ಕೊಳೆಗೇರಿ. ಕೊಳಕು, ರೋಗ, ಪುಂಡರು, ಆದ್ದರಿಂದ ಕೆಡವಬೇಕು, ಇನ್ನು ಅದು ಬಿಳಿಯರ ಪ್ರದೇಶ ಎಂದು ಬರೆದಿತ್ತು. ಕ್ವಿನ್ಸ್ ಬೀದಿಗೆ ಲಾರಿ ಬಂದಾಗ ತೋಯರನಿಗೆ ಹನ್ನೆರಡು. ಆವತ್ತು ಬೆಳಿಗ್ಗೆಯೂ ಮಾ ಗಲೀಮಾ ಜಗಲಿಗೆ ಪಾಲಿಶ್ ಹಾಕಿದರು. ಎದುರು ಮನೆಯವಳು "ನಾಳೆ ಬುಲ್ಡೋಜರಿಗೆ ಕೂರಕ್ಕೆ ಹಾಸ್ತಾ ಇದೀಯೇನೇ?" ಎಂದು ಅಳುತ್ತಲೇ ಛೇಡಿಸಿದಳಂತೆ. ಆಮೇಲೆ ಸಿಕ್ಕಿದ್ದು ಮರಳು ಬಯಲಿನಲ್ಲಿ ಮೂರನೇ ಮಹಡಿಯ ಎರಡು ಕೋಣೆ. ಹತ್ತು ಮನೆಗೂ ಸೇರಿ ಒಂದೇ ಸಿಮೆಂಟಿನ ಏಣಿಮೆಟ್ಟಿಲು, ಜಗಲಿ ಅನ್ನುವುದು ಯಾರಿಗೂ ಇಲ್ಲ. ಕೆಡವಿದ ಜಾಗ ಅರ್ಧಕ್ಕರ್ಧ ಇವತ್ತಿಗೂ ಬಟಾಬಯಲು. ಮೂವತ್ತೆಂಟು ವರ್ಷದಲ್ಲಿ ಮಾ ಗಲೀಮಾ ಒಮ್ಮೆಯೂ ಆ ಕಡೆ ತಲೆ ಹಾಕಲಿಲ್ಲ. ಪೇಟೆಗೆ ಹೋಗಬೇಕಾದರೆ ಆ ಬಯಲಿನ ಪಕ್ಕ ಹಾಯದ ಬಸ್ಸಿಗಾಗಿ ಅರ್ಧ ಗಂಟೆ ಹೆಚ್ಚು ಕಾಯುತ್ತಿದ್ದರು.

ಕೆಳಗೇರಿಯ ತಗಡಿನ ನಡುವೆ ಹ್ಯೂಗೋಗೆ ಒಂದು ಪಾಳುಬಿದ್ದ ಹಳೆಯ ಬೀದಿ ಬೇಕಿತ್ತು. ಹಿಂದೆ ಇಲ್ಲಿ ಜನ ಚೆನ್ನಾಗಿ ಬಾಳಿದ್ದರು ಅನ್ನಿಸುವಂಥದ್ದು. ಅವನ ಚಿತ್ರ ಅವನಿಗೇ ಒಪ್ಪಿಗೆಯಾಗಿರಲಿಲ್ಲ. ಬೂಟಾ ಟೀ ಹೊತ್ತಿನಲ್ಲಿ ಸಿಮೆಂಟ್ ಚೀಲದ ಕಾಗದದ ಮೇಲೆ ಪೆನ್ಸಿಲಿನಿಂದ ಹದಿನಾಲ್ಕು ಮನೆ ಗೀಚಿ ಅವನ ಮುಂದಿಟ್ಟರು. ಹ್ಯೂಗೋ ಬಹಳ ಹೊತ್ತು ನೋಡಿದ. "ಇದನ್ನ ಎಲ್ಲಿ ನೋಡಿದ್ರಿ ಮಿಸ್ಟರ್ ಬೂಟಾ?" ಎಂದು ಕೇಳಿದ. "ತಲೆಯಲ್ಲಿತ್ತು" ಎಂದರು ಇವರು. ಅವನು ಆ ಕಾಗದಕ್ಕೆ ಸಹಿ ಹಾಕಿಯೇಬಿಟ್ಟ.

ಒಂದೂವರೆ ತಿಂಗಳು ಆ ಮನುಷ್ಯನನ್ನು ನೋಡಬೇಕಿತ್ತು. ನಮಾಜಿಗೆ ಮಾತ್ರ ಕೆಲಸ ಬಿಡುತ್ತಿದ್ದರು. ದರ್ಜಿಯ ಮನೆಯ ಬಾಗಿಲ ಮೇಲಿನ ಕಮಾನನ್ನು ಮೂರು ಸಲ ಕಿತ್ತು ಮೂರು ಸಲ ಮಾಡಿದರು. "ನೋಡೋರ್ಯಾರು ಬೂಟಾ, ಹೊಗೆಯಲ್ಲಿ ನಾಲ್ಕು ಸೆಕೆಂಡು ಕಾಣತ್ತೆ" ಎಂದರೆ, "ನೀನು ಸುಮ್ನೆ ನಿನ್ನ ಅಂಗಿ ತುರಿ ಹೋಗು" ಎಂದು ಗದರಿದರು. ಹದಿನಾಲ್ಕರಲ್ಲಿ ಎಡಗಡೆಯ ಐದನೆಯದು ಅವರ ಮನೆ. ನಾಲ್ಕು ಮೆಟ್ಟಿಲು, ಇಬ್ಬರು ಕೂರುವಷ್ಟು ಜಗಲಿ, ಹಸಿರು ಬಾಗಿಲು. ಜಗಲಿಯನ್ನು ಮಾತ್ರ ಪ್ಲೈವುಡ್ಡಿನಲ್ಲಿ ಮಾಡದೆ ಇಟ್ಟಿಗೆ ಇಟ್ಟು ಸಿಮೆಂಟಿನಲ್ಲೇ ಕಟ್ಟಿದರು. ಯಾಕೆಂದು ನಾನು ಕೇಳಲಿಲ್ಲ, ಅವರೇ ಹೇಳಿದರು.

"ಶನಿವಾರಕ್ಕೆ ಬಣ್ಣ ಮುಗಿಯತ್ತೆ. ಸೋಮವಾರ ಬೆಳಿಗ್ಗೆಯಿಂದ ಕೊಳೆ ಬಳಿಯೋದು. ಮಧ್ಯೆ ಒಂದು ಭಾನುವಾರ ಇದೆ ಫರನಾಜ್. ಆ ಒಂದು ದಿನ ಬೀದಿ ಹೇಗಿತ್ತೋ ಹಾಗೇ ಇರತ್ತೆ. ಅಮ್ಮನ್ನ ಕರ್ಕೊಂಡು ಬರ್ಬೇಕು. ಒಂದೇ ಒಂದು ಸಲ ಅವಳು ಈ ಜಗಲಿ ಮೇಲೆ ಕೂತ್ಕೋಬೇಕು. ಆಮೇಲೆ ಬೀಳಿಸ್ಲಿ, ಸುಡ್ಲಿ, ಏನಾದ್ರೂ ಮಾಡ್ಕೊಳ್ಲಿ."

ಐವತ್ತು ವರ್ಷದ ಗಂಡಸು ಹೀಗೆ ಕಣ್ಣು ತುಂಬಿಕೊಂಡು ಮಾತಾಡಿದರೆ ಏನು ಹೇಳುವುದು? ಕಾವಲಿನವನಿಗೆ ನಾನೇ ಹೇಳಿ ಒಪ್ಪಿಸಿದೆ.

ಶನಿವಾರ ಸಂಜೆ ಅವರು ತಾಯಿಗೆ ಹೇಳಿದಾಗ ನಾನೂ ಆ ಮೂರನೇ ಮಹಡಿಯಲ್ಲಿದ್ದೆ. ಮಾ ಗಲೀಮಾ ಎಪ್ಪತ್ತನಾಲ್ಕರ ಸಣ್ಣ ಜೀವ, ಬಾಯಿ ಮಾತ್ರ ಸಣ್ಣದಲ್ಲ. ಬೀನ್ಸ್ ನಾರು ಬಿಡಿಸುತ್ತ ಕೂತಿದ್ದರು. ಮಗ ಹೇಳಿದ್ದನ್ನೆಲ್ಲ ಕೇಳಿ ತಲೆ ಎತ್ತದೆಯೇ ಅಂದರು:

"ಬೀಳಿಸಿದ್ದನ್ನ ನೋಡಿದೀನಿ ತೋಯರ್. ಕಟ್ಟಿದ್ದನ್ನ ನೋಡಕ್ಕೆ ನನ್ ಕೈಲಾಗಲ್ಲ."

"ಮಾ, ಹತ್ತು ನಿಮಿಷ."

"ಹತ್ತು ನಿಮಿಷಕ್ಕೆ ಹೋಗಿ ಬಾ ಅಂತ ಯಾರಾದ್ರೂ ತವರುಮನೆಗೆ ಕಳಿಸ್ತಾರೇನೋ? ಊಟ ಮಾಡ್ಕೊಂಡು ಹೋಗಿ ಇಬ್ರೂ. ಈ ಫರನಾಜಳಂತೂ ಒಣಗಿದ ಮೀನಾಗಿದಾಳೆ."

ಭಾನುವಾರ ನಾನು ಹೋದಾಗ ಬೂಟಾ ಒಬ್ಬರೇ ಬಂದು ಆ ಜಗಲಿಯ ಮೇಲೆ ಕೂತಿದ್ದರು. ತಾಯಿ ಮನಸ್ಸು ಬದಲಿಸಿಯಾರೆಂದು ಹನ್ನೊಂದರಿಂದ ನಾಲ್ಕರವರೆಗೆ ಕಾದರು. ಬೀದಿ ಅಷ್ಟು ಚಂದವಿತ್ತು. ನನ್ನ ಅಮ್ಮ ಇದ್ದಿದ್ದರೆ ಎತ್ತಿಕೊಂಡಾದರೂ ಬರುತ್ತಿದ್ದೆ. ಬೂಟಾ ಪಕ್ಕದಲ್ಲಿ ಹೊಸ ಕೆಂಪು ಪಾಲಿಶ್ ಡಬ್ಬಿ ಇತ್ತು, ಮುಚ್ಚಳ ತೆಗೆದಿರಲಿಲ್ಲ. ಕತ್ತಲಾಗುವ ಮುಂಚೆ ಅದನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದರು.

ಸೋಮವಾರ ಕೊಳೆ ಶುರುವಾಯಿತು. ಮಸಿ, ಕಂದು ಬಣ್ಣದ ನೀರು, ಎಣ್ಣೆ, ಮರಳು. ಹದಿಮೂರು ಮನೆಗೆ ಬಳಿದು ಮುಗಿಸಿ ಬೂಟಾ ಏಣಿ ಮಡಚಿದರು. ಹ್ಯೂಗೋ ಕೆಟ್ಟವನೇನಲ್ಲ, ಕಣ್ಣು ಮಾತ್ರ ಬಹಳ ಚುರುಕು. "ಐದನೇ ಮನೆ ಮರೆತ್ರಿ" ಎಂದ. ಬೂಟಾ ಏಣಿ ಬಿಚ್ಚಿ, ತಮ್ಮ ಹಸಿರು ಬಾಗಿಲಿಗೂ ಜಗಲಿಗೂ ತಾವೇ ಮಸಿ ಎರಚಿದರು.

ಗುರುವಾರ ಚಿತ್ರೀಕರಣ. ಕೆಳಗೇರಿಯ ಜನವಾಗಿ ನಿಲ್ಲಲು ಮರಳು ಬಯಲಿನ ಸಮುದಾಯ ಭವನಗಳಿಂದ ವಯಸ್ಸಾದವರನ್ನು ಗೊತ್ತು ಮಾಡಿದ್ದರು. ದಿನವೂ ಉಡುವ ಬಟ್ಟೆಯಲ್ಲಿ ಬನ್ನಿ ಎಂದು ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಬಸ್ಸಿನ ಬಾಗಿಲು ತೆಗೆದರೆ ಇಳಿದದ್ದು ಮದುವೆ ದಿಬ್ಬಣ! ಈದ್‌ಗೆ ಹೊಲಿಸಿದ ನಿಲುವಂಗಿ, ಇಸ್ತ್ರಿ ಹಾಕಿದ ತಲೆವಸ್ತ್ರ, ಕಿವಿಗೆ ಚಿನ್ನ, ಚರ್ಚಿನ ಟೋಪಿ. ನಾನು ಹಣೆ ಹಣೆ ಬಡಿದುಕೊಂಡೆ. ಮೂವತ್ತೆರಡನೆಯವರಾಗಿ ಇಳಿದವರು ಮಾ ಗಲೀಮಾ, ನೀಲಿ ಕೋಟು ತೊಟ್ಟು, ಕೈಚೀಲ ಎದೆಗವಚಿಕೊಂಡು.

"ಮಾ! ನೀವು ಬರಲ್ಲ ಅಂದಿದ್ರಲ್ಲ?"

"ನೋಡಕ್ಕೆ ಬರಲ್ಲ ಅಂದಿದ್ದೆ. ಇದು ಕೆಲಸ. ಕೆಲಸಕ್ಕೆ ಅಂತಾದ್ರೆ ಎಲ್ಲಿಗಾದ್ರೂ ಹೋಗ್ಬಹುದು" ಎಂದರು. "ತೋಯರ್‌ಗೆ ಹೇಳ್ಬೇಡ. ಎಲ್ಲಿ ನನ್ನ ಡ್ರೆಸ್ಸು?"

ನಾನು ವಾರವಿಡೀ ತುರಿದು, ಹರಿದು, ಬಣ್ಣಗೆಡಿಸಿದ್ದ ಅಂಗಿಯೊಂದನ್ನು ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ನನ್ನ ಕಡೆ ನೋಡಿದ ನೋಟದಲ್ಲಿ ನನ್ನ ಅಮ್ಮನೇ ಇದ್ದಳು.

"ಬಟ್ಟೆ ಒಳ್ಳೇದೇ ಇದೆ. ಇಲ್ಲಿ ಸ್ವಲ್ಪ ಬಿಟ್ಟಿದೆ ಅಷ್ಟೆ. ಸೂಜಿ ಇದ್ರೆ ಕೊಡು."

"ಮಾ, ಅದು ಹರಿದೇ ಇರ್ಬೇಕು. ನೀವು ಬಡವ್ರು."

"ಬಡವ್ರಿಗೆ ಸೂಜಿ ಇರಲ್ವಾ?"

ಬೇರೆಯವರನ್ನು ಸಿದ್ಧಪಡಿಸಿ ಮುಕ್ಕಾಲು ಗಂಟೆ ಬಿಟ್ಟು ಉಡುಪಿನ ಡೇರೆಗೆ ಮರಳಿದರೆ, ಮುದುಕಿಯರೆಲ್ಲ ವೃತ್ತವಾಗಿ ಕೂತು, ನನ್ನದೇ ಪೆಟ್ಟಿಗೆಯ ಸೂಜಿದಾರ ತೆಗೆದು, ನಾನು ಮಾಡಿದ ಹರಕುಗಳನ್ನೆಲ್ಲ ಹೊಲಿದು ಮುಗಿಸಿದ್ದರು. ಹೊಲಿಗೆ ಕಾಣದಷ್ಟು ನಾಜೂಕು. ನಗಬೇಕೋ ಅಳಬೇಕೋ ತಿಳಿಯದೆ ಕತ್ತರಿ ಹಿಡಿದು ಒಬ್ಬೊಬ್ಬರ ಮುಂದೆ ಮಂಡಿಯೂರಿ ಮತ್ತೆ ಹರಿದೆ. ಒಬ್ಬೊಬ್ಬರಿಂದಲೂ ಬೈಸಿಕೊಂಡೆ.

ಊಟದ ಹೊತ್ತಿಗೆ ಅವರನ್ನೆಲ್ಲ ಬೀದಿಗೆ ಕರೆದೊಯ್ದು ಬಿಟ್ಟರು. ತಂಡದವರು ಊಟಕ್ಕೆ ಹೋದರು. ನಾನು ಮಾ ಗಲೀಮಾರ ಹಿಂದೆಯೇ ಇದ್ದೆ. ತಗಡಿನ ಮೂಲೆ ತಿರುಗಿ ಕ್ವಿನ್ಸ್ ಬೀದಿ ಕಂಡಾಗ ಅವರು ನಿಂತರು. ಒಂದು ಕೈ ದರ್ಜಿಯ ಮನೆಯ ಗೋಡೆ ಮುಟ್ಟಿತು. ಆಮೇಲೆ ಸರಸರನೆ, ಯಾವುದನ್ನೂ ನೋಡದೆ, ಎಡಕ್ಕೆ ಐದನೆಯ ಮನೆಗೆ ನಡೆದರು. ನಾಲ್ಕು ಮೆಟ್ಟಿಲನ್ನೂ ಒಂದೊಂದಾಗಿ ನೋಡಿದರು. ನಾನು ಅವರು ಅಳುತ್ತಾರೆಂದು ಹೆದರಿ ತೋಳು ಹಿಡಿದೆ. ಅವರು ಕೊಡವಿಕೊಂಡರು.

"ಇವತ್ತು ಗುರುವಾರ ಅಲ್ವಾ?"

"ಹೌದು ಮಾ."

"ಗುರುವಾರ ಇಷ್ಟು ಹೊತ್ತಾದ್ರೂ ಜಗಲಿ ಹೀಗಾ? ಎಲ್ಲಿ ನನ್ನ ಮಗ? ಪಾಲಿಶ್ ಇಟ್ಟಿರ್ತಾನೆ, ಕೇಳು. ಬಕೆಟ್ ನೀರು ತಗೊಂಡು ಬಾ. ನಿಂತ್ಕೊಂಡು ಏನ್ ನೋಡ್ತೀಯಾ?"

ತಡೆಯಬೇಕಿತ್ತು. ನನ್ನ ಕೆಲಸವೇ ಅದು. ನಾನು ಓಡಿಹೋಗಿ ಬಣ್ಣದ ಶೆಡ್ಡಿನಲ್ಲಿ ಬುತ್ತಿ ತಿನ್ನುತ್ತಿದ್ದ ಬೂಟಾಗೆ ಹೇಳಿದೆ. ಅವರು ಚೀಲದಿಂದ ಡಬ್ಬಿ ತೆಗೆದು ನನ್ನ ಕೈಗಿಟ್ಟರು. ತಾವು ಮಾತ್ರ ಎದ್ದು ಬರಲಿಲ್ಲ.

ಮಾ ಗಲೀಮಾ ಮೇಲೆ ತೊಟ್ಟಿದ್ದ ನೀಲಿ ಕೋಟನ್ನು ನನ್ನ ತೋಳಿಗೆ ಹಾಕಿ, ನಾನು ಕೊಟ್ಟ ಹರಕು ಅಂಗಿಯಲ್ಲಿ ಮಂಡಿಯೂರಿ ಮೆಟ್ಟಿಲು ತೊಳೆದರು, ಒರೆಸಿದರು, ಪಾಲಿಶ್ ಬಳಿದರು. ಎದುರುಗಡೆ ಒಬ್ಬ ಮುದುಕಿ ಸ್ವಲ್ಪ ಹೊತ್ತು ನೋಡಿದಳು. "ನಮ್ಮ ಕಡೆ ಮಾತ್ರ ಹೊಲಸಿದ್ರೆ ಚೆನ್ನಾಗಿರತ್ತಾ? ಆ ಡಬ್ಬಿ ಇಲ್ಲಿ ತಾ" ಎಂದು ತಾನೂ ಸೆರಗು ಬಿಗಿದಂತೆ ತಲೆವಸ್ತ್ರ ಬಿಗಿದಳು. ಡಬ್ಬಿ ಕೈಯಿಂದ ಕೈಗೆ ಹೋಯಿತು. ಪಾಲಿಶ್ ಸಾಲದ ಕಡೆ ಬರೀ ನೀರು. ಒಬ್ಬಳು ಕಿಟಕಿಗೆ ತನ್ನ ರೇಷ್ಮೆ ತಲೆವಸ್ತ್ರವನ್ನೇ ಪರದೆ ಕಟ್ಟಿದಳು. ಊಟ ಮುಗಿಸಿ ತಂಡ ಬಂದಾಗ ನೀರೇ ಕಾಣದ ಕೆಳಗೇರಿಯಲ್ಲಿ ಹದಿನಾಲ್ಕು ಜಗಲಿಗಳು ತೊಳೆದು ತಯಾರಾಗಿದ್ದವು, ಐದಾರು ಕೆಂಪಗೆ ಹೊಳೆಯುತ್ತಿದ್ದವು.

ಹ್ಯೂಗೋ ಕೂಗಾಡಲಿಲ್ಲ. ಮುಖ ಬಿಳಿಚಿಕೊಂಡಿತು ಅಷ್ಟೆ. ನನ್ನನ್ನೂ, ಆ ಹೊತ್ತಿಗೆ ಬಂದು ನಿಂತಿದ್ದ ಬೂಟಾರನ್ನೂ ನೋಡಿದ.

"ಯಾರು ಮಾಡಿದ್ದು?"

"ನಮ್ಮಮ್ಮ" ಎಂದರು ಬೂಟಾ.

ಹ್ಯೂಗೋ ಮಾ ಗಲೀಮಾರ ಮುಂದೆ ಬಗ್ಗಿ ಬಹಳ ಮರ್ಯಾದೆಯಿಂದ ಕೇಳಿದ, "ಅಮ್ಮ, ಯಾಕೆ ಹೀಗೆ ಮಾಡಿದ್ರಿ?"

"ನೀವು ಬರ್ತೀರಿ ಅಂತ. ಕ್ಯಾಮೆರಾ ತಗೊಂಡು ಇಷ್ಟು ಜನ ಬರ್ತಾ ಇದೀರಿ. ಮನೆ ಮುಂದೆ ಹೀಗಿದ್ರೆ ನಮ್ಮನ್ನ ಏನಂದ್ಕೊಳ್ತೀರಿ?"

"ಆದ್ರೆ ಈ ಕಥೆಯಲ್ಲಿ ಬಡವರ ಹತ್ರ ನೀರೇ ಇಲ್ಲ."

"ಒಣ ಬಟ್ಟೆಯಲ್ಲಿ ಒರೆಸ್ತೀವಪ್ಪ."

ಆ ಗಳಿಗೆಯಲ್ಲಿ ಅವನ ಒಂದೂವರೆ ವರ್ಷದ ಲೋಕದಲ್ಲಿ ಏನೋ ತಪ್ಪಿದೆಯೆಂದು ಅವನಿಗೆ ಹೊಳೆಯಿತು ಎಂದೇ ನನ್ನ ನಂಬಿಕೆ. ಆದರೆ ಹೊಳೆದರೇನು? ಸಂಜೆಯ ಬೆಳಕು ಅವನಿಗಾಗಿ ಕಾಯುವುದಿಲ್ಲ, ಮರುದಿನ ಬೆಳಿಗ್ಗೆ ಕೆಡವುವ ದೃಶ್ಯಕ್ಕೆ ಬುಲ್ಡೋಜರು ಬರುವುದು ನಿಲ್ಲುವುದಿಲ್ಲ. ಗಡಿಯಾರ ನೋಡಿ, ತಗ್ಗಿದ ದನಿಯಲ್ಲಿ, "ಮಿಸ್ಟರ್ ಬೂಟಾ, ಮೂರೂ ಮುಕ್ಕಾಲಿಗೆ ಎಲ್ಲ ಮೊದಲಿನ ಹಾಗೆ ಇರ್ಬೇಕು" ಎಂದು ಹೇಳಿ, ತನ್ನವರನ್ನೆಲ್ಲ ಕರೆದುಕೊಂಡು ಬೀದಿಯ ಆಚೆ ತುದಿಗೆ ಹೋದ.

ಬೂಟಾ ಕೆಸರು ಬಣ್ಣದ ಬಕೆಟ್ಟು, ಚಿಂದಿ ತಂದು ಮೆಟ್ಟಿಲ ಬುಡದಲ್ಲಿಟ್ಟರು. ಬೇರೆ ಮನೆಗಳಿಗೆ ಅವರ ಕೈಕೆಳಗಿನವರು ಹೋದರು. ಮಾ ಗಲೀಮಾ ಬಕೆಟ್ಟನ್ನು ನೋಡಿದರು.

"ಇದನ್ನ ಹೊಲಸು ಮಾಡಕ್ಕೆ ನಿಂಗೆ ಎಷ್ಟು ಹೊತ್ತು ಬೇಕು?"

"ಹತ್ತು ನಿಮಿಷ ಮಾ."

"ಈಗೆಷ್ಟು?"

"ಮೂರು ಗಂಟೆ."

"ಹಾಗಾದ್ರೆ ಮಿಕ್ಕಿದ್ದು ನಮ್ಮದು. ಬಾ, ಕೂತ್ಕೋ."

ತಾಯಿ ಮಗ ಜಗಲಿಯ ಮೇಲೆ ಕೂತರು. ನಾನು ಕೋಟು ಹಿಡಿದು ಕೆಳಗಿನ ಮೆಟ್ಟಿಲಲ್ಲಿ ಕೂತೆ. ಹೋಗು ಅಂತ ಯಾರೂ ಹೇಳಲಿಲ್ಲ. ತೆಂಕಣ ಗಾಳಿ ಎದ್ದು ಬಾಗಿಲ ಸಂದಿಯಿಂದ ಸುಯ್ಯೆಂದು ಬರುತ್ತಿತ್ತು. ಮಾ ಗಲೀಮಾ ಎದುರು ಸಾಲಿನ ಮನೆಗಳನ್ನು ಬೆರಳಿನಿಂದ ತೋರಿಸುತ್ತ ಒಬ್ಬೊಬ್ಬರ ಹೆಸರು ಹೇಳಿದರು. ಒಂದು ಕಡೆ ನಿಲ್ಲಿಸಿ, "ಅವಳ ಮನೆ ಕಿಟಕಿ ಇನ್ನೂ ಸ್ವಲ್ಪ ಕೆಳಗಿತ್ತು ಕಣೋ" ಎಂದರು. ಬೂಟಾ "ಹೌದಾ?" ಎಂದು ನಿಜವಾಗಿ ಬೇಜಾರು ಮಾಡಿಕೊಂಡರು.

"ಭಾನುವಾರ ಕರೆದಾಗ್ಲೇ ಬಂದಿದ್ರೆ ಎಲ್ಲ ಹೊಸದಾಗಿ ಇತ್ತು ಮಾ. ನಾನು ಇಡೀ ದಿನ ಕಾದೆ."

"ಗೊತ್ತು. ಆವತ್ತು ಬಂದಿದ್ರೆ ನಂಗೇನು ಕೆಲಸ ಇರ್ತಿತ್ತು ಹೇಳು? ನೋಡ್ಕೊಂಡು ಅಳಬೇಕಿತ್ತು ಅಷ್ಟೆ. ಈಗ ನೋಡು, ನಂದು ಅನ್ನಿಸ್ತಿದೆ."

ಇದ್ದಕ್ಕಿದ್ದ ಹಾಗೆ ಮಾ ಗಲೀಮಾ ತಿರುಗಿ ಬಾಗಿಲ ಚಿಲಕದ ಮೇಲೆ ಕೈಯಿಟ್ಟರು. ಬೂಟಾ ಆ ಕೈಯನ್ನು ಹಿಡಿದುಕೊಂಡರು.

"ತೆಗೀಬೇಡ ಮಾ."

"ಒಳಗೆ ಕೇತ್ಲಿ ಇಟ್ಟು ಬಂದಿದೀನಿ ಅನ್ನಿಸ್ತು."

"ಒಳಗೇನೂ ಇಲ್ಲ. ಬರೀ ಆನಿಸಿದ ಕಂಬ, ಮರಳು. ನಂಗೆ ಮುಂದುಗಡೆ ಮಾತ್ರ ಕಟ್ಟಕ್ಕೆ ಹೇಳಿದ್ರು."

"ನಮ್ಮ ಹಳೇ ಬೀದೀಲೂ ಈಗ ಅಷ್ಟೇ ತಾನೆ ಇರೋದು" ಎಂದರು ಮಾ ಗಲೀಮಾ. ಕೈ ಹಿಂದೆ ತೆಗೆದುಕೊಂಡರು. "ನೀನು ಬಾಗಿಲಿಗೆ ಬೆನ್ನು ಕೊಟ್ಟು ಕೂತ್ಕೋ. ಗಾಳಿ ಬರ್ತಿದೆ."

ಬೂಟಾ ಬಾಗಿಲಿಗೆ ಬೆನ್ನಾನಿಸಿ ಕೂತರು. ಗಾಳಿ ನಿಂತಿತು. ತಾಯಿ ಅವರ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಬೀದಿಯನ್ನೇ ನೋಡುತ್ತಿದ್ದರು. ನನಗೆ ನನ್ನ ಅಮ್ಮ ಬೇಕೆನ್ನಿಸಿತು. ಎಷ್ಟು ಬೇಕೆನ್ನಿಸಿತೆಂದರೆ ಅವರ ಕೋಟಿಗೆ ಮುಖ ಒತ್ತಿಕೊಂಡು ಅತ್ತುಬಿಟ್ಟೆ.

ತುದಿಯಿಂದ ಯಾರೋ ಕೈಯೆತ್ತಿ ಹತ್ತು ಬೆರಳು ತೋರಿಸಿದರು. ಬೂಟಾ ಎದ್ದು ಚಿಂದಿಯನ್ನು ಬಕೆಟ್ಟಿನಲ್ಲಿ ಅದ್ದಿದರು, ಹಿಂಡಿದರು, ಮತ್ತೆ ಅದ್ದಿದರು. ಮೆಟ್ಟಿಲಿಗೆ ಮಾತ್ರ ಮುಟ್ಟಿಸಲಾರದೆ ನಿಂತರು. ಮಾ ಗಲೀಮಾ ಎದ್ದು ಬಂದು ಚಿಂದಿಯನ್ನು ಅವರ ಕೈಯಿಂದ ಬಿಡಿಸಿಕೊಂಡರು.

"ಬಿಡು. ಇದನ್ನ ನಿನ್ ಕೈಲಿ ಮಾಡಿಸ್ಬಾರ್ದು. ನನ್ನ ಜಗಲಿ, ನಾನೇ ಮಾಡ್ತೀನಿ."

ಮಂಡಿಯೂರಿ, ಜಗಲಿಯಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಕೆಳಗಿಳಿಯುತ್ತ, ಎಲ್ಲೂ ಕೆಂಪು ಇಣುಕದ ಹಾಗೆ ಕೆಸರು ಬಳಿದರು. ಕೊನೆಯ ಮೆಟ್ಟಿಲು ಮುಗಿಸಿ ಹಿಂದೆ ಸರಿದು ನೋಡಿದರು.

"ಸಾಕೇನೋ?"

ಬೂಟಾ ಬಹಳ ಹೊತ್ತು ನೋಡಿದರು. ಕಸುಬಿನವರ ಕಣ್ಣು ಸುಳ್ಳು ಹೇಳುವುದಿಲ್ಲ. "ಮೂಲೆಯಲ್ಲಿ ಇನ್ನೂ ಸ್ವಲ್ಪ ಬೇಕು, ಮಾ" ಎಂದರು.

"ಮೂಲೆಗೆ ಯಾವತ್ತೂ ಸರಿಯಾಗಿ ಹತ್ತಲ್ಲ ನೋಡು" ಎನ್ನುತ್ತ ಮಾ ಗಲೀಮಾ ಮತ್ತೆ ಬಗ್ಗಿ, ಚಿಂದಿಯನ್ನು ಬೆರಳಿಗೆ ಸುತ್ತಿಕೊಂಡು, ಎಂ‌ದಿನ ಶ್ರದ್ಧೆಯಿಂದ ಒಂದೊಂದು ಮೂಲೆಗೂ ಕೊಳೆ ತುಂಬಿದರು.